ಗುಂಡಿಗೆ ಬಿದ್ದ ಹಾವುರಾಣಿ

ಹಾವುರಾಣಿ ಎಂದರೆ ಹಾವಲ್ಲ, ರಾಣಿಯಂತೂ ಅಲ್ಲವೇ ಅಲ್ಲ. ಮಿರಮಿರ ಮಿಂಚುವ, ಗಿಡ್ಡ ಕಾಲಿನ ಒಂದು ಹಲ್ಲಿಯ ಜಾತಿ. ಇದನ್ನು ಹೇಳಿ ಹೇಳಿ ಕಾಲೇಜಿನ ಪ್ರಾಣಿಶಾಸ್ತ್ರದ ಮೇಡಂಗೆ ಬಾಯಿ ಒಣಗಿತ್ತು. ಊರಿನವರು ಅವಳಿಗೆ ಹಲ್ಲಿ ಮೇಡಂ ಎಂದು ಹೆಸರಿಟ್ಟು ಸುಮ್ಮನಾಗಿದ್ದರು.

ಊರಾಚೆಯ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಮರ, ಉಳಿದದ್ದೆಲ್ಲ ಹುಲ್ಲು ಮತ್ತು ಬಿಸಿಲು. ಹಾವುರಾಣಿಗೆ ಬೇಕಾದದ್ದೂ ಅಷ್ಟೇ. ಗಿಡ ನೆಡಿಸುವ ಸಾಹೇಬರಿಗೆ ಮಾತ್ರ ಅದು ಬೋಳು ಜಾಗವಾಗಿ ಕಂಡಿತು. ಬಯಲ ತುಂಬ ಮೊಣಕಾಲುದ್ದದ ಗುಂಡಿ ತೋಡಿಸಿಬಿಟ್ಟರು. ಮರ ಬಂದರೆ ಹುಲ್ಲು ಹೋಗುತ್ತದೆ, ಹುಲ್ಲು ಹೋದರೆ ಹಾವುರಾಣಿಯೂ ಹೋಗುತ್ತದೆ ಎಂದು ಮೇಡಂ ಹೇಳಿದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೊನೆಗೆ ಸಾಹೇಬರು ಪೀಡೆ ತೊಲಗಲಿ ಎಂದೋ ಏನೋ, "ಒಂದೇ ಒಂದನ್ನ ಜೀವಂತ ತೋರ್ಸಿ. ಸಸಿ ಲಾರಿ ವಾಪಸ್ ಕಳಿಸ್ತೀನಿ" ಎಂದರು.

ಅವಳು ಹುಲ್ಲಿನ ನಡುವೆ ನೆಲಮಟ್ಟಕ್ಕೆ ಬಕೆಟ್ಟುಗಳನ್ನು ಹೂತಿಟ್ಟಳು. ಓಡಾಡುತ್ತ ಬಿದ್ದ ಹಾವುರಾಣಿ ಆ ನುಣುಪು ಗೋಡೆ ಹತ್ತಲಾರದು. ಲಾರಿ ಬರುವ ದಿನವೇ ಬೆಳಿಗ್ಗೆ ಒಂದು ಬಿದ್ದಿತ್ತು. ಡಬ್ಬಿ ತರಲು ಕಾಲೇಜಿನ ಜೀಪಿನತ್ತ ಓಡುತ್ತ, ಜೊತೆಗೆ ಬಂದಿದ್ದ ತಮ್ಮನಿಗೆ, "ಕಾಯ್ತಿರು, ಮುಟ್ಬೇಡ" ಎಂದಳು.

ತಮ್ಮ ಮುಟ್ಟಿದ. ಅದೂ ಬಾಲ ಹಿಡಿದು ಬಕೆಟ್ಟಿನಿಂದ ಆಚೆ ಎತ್ತಿದ.

ಅವಳು ಬಂದಾಗ ಅವನ ಕೈಯಲ್ಲಿ ಬಾಲವೊಂದೇ ಕುಣಿಯುತ್ತಿತ್ತು.

"ಅಕ್ಕಾ, ನಾನು ಮೆಲ್ಲಗೇ ಹಿಡ್ಕೊಂಡೆ..."

"ನಿನ್ನ ತಲೆ! ಹಿಡಿದ್ರೆ ಬಾಲ ಬಿಟ್ಟು ಓಡತ್ತೆ ಅಂತ ನೂರು ಸಲ ಬಡ್ಕೊಂಡಿದ್ದೀನಿ!"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳಿಗೆ ಅಳುವೇ ಬಂತು. ಅಷ್ಟರಲ್ಲಿ ಸಸಿ ಲಾರಿ, ಅದರ ಹಿಂದೆ ಸಾಹೇಬರ ಜೀಪು ಬಂದು ನಿಂತವು. ಸಾಹೇಬರು ಬಾಲವನ್ನು ನೋಡಿ, "ಬಾಲಕ್ಕೆಲ್ಲ ಲಾರಿ ತಿರುಗಿಸೋಕಾಗತ್ತಾ ಮೇಡಂ?" ಎಂದು ಸಸಿ ಹಿಡಿದು ಮೊದಲ ಗುಂಡಿಯತ್ತ ನಡೆದರು.

ಗುಂಡಿಯ ತಳದಲ್ಲಿ, ಸಡಿಲ ಮಣ್ಣನ್ನು ಹತ್ತಲಾರದೆ ಜಾರುತ್ತ, ಬಾಲವಿಲ್ಲದ ಹಾವುರಾಣಿ!

"ಇದೇ ಸಾರ್, ಇದೇ!" ತಮ್ಮ ಬಾಲ ಎತ್ತಿ ತೋರಿಸಿದ.

ಸಾಹೇಬರ ಮುಖ ಅರಳಿತು. "ನೋಡಿದ್ರಾ? ನಾವು ತೋಡಿದ ಗುಂಡಿಗೆ ತಾನಾಗೇ ಬಂದಿದೆ. ಪಾಪ, ನೆರಳು ಬೇಕಾಗಿತ್ತು ಅದಕ್ಕೆ. ಸಸಿ ಇಳಿಸ್ರಪ್ಪಾ!"

ಅವಳಿಗೆ ಮೈಯೆಲ್ಲ ಉರಿಯಿತು. ಬಗ್ಗಿ ಹಾವುರಾಣಿಯನ್ನು ಅಂಗೈಯಲ್ಲಿ ಎತ್ತಿ ಹುಲ್ಲಿಗೆ ಬಿಟ್ಟಳು. ಆಮೇಲೆ ತಾನೇ ಗುಂಡಿಗಿಳಿದು ಚಕ್ಕಳಮಕ್ಕಳ ಹಾಕಿ ಕೂತಳು.

"ಮೇಡಂ, ಏನಿದು?"

"ನನಗೂ ನೆರಳು ಬೇಕಾಗಿತ್ತು ಸಾರ್. ಮಣ್ಣು ಮುಚ್ಚಿ. ನಾಳೆ ನನ್ನ ಕ್ಲಾಸಿನವರೆಲ್ಲ ಬರ್ತಾರೆ, ಒಬ್ಬೊಬ್ರಿಗೆ ಒಂದೊಂದು ಗುಂಡಿ."

ತಮ್ಮನೂ ಪಕ್ಕದ ಗುಂಡಿಗೆ ಹಾರಿದ.

ಸಾಹೇಬರು ಅವಳನ್ನು ನೋಡಿದರು, ಬಾಲ ಹಿಡಿದು ಕೂತವನನ್ನು ನೋಡಿದರು. "ಆಯ್ತು, ಮಾತು ಕೊಟ್ಟಿದ್ದೀನಿ" ಎಂದು ಗೊಣಗಿ ಲಾರಿ ತಿರುಗಿಸಲು ಕೈಬೀಸಿದರು.

"ಸಾರ್, ಈ ಗುಂಡಿಗಳು? ಇನ್ನೂ ಎಷ್ಟು ಹಾವುರಾಣಿ ಬೀಳ್ತಾವೋ! ಮುಚ್ಚಿಸ್ಬೇಕಲ್ಲ?"

"ಅದು ನಮ್ಮ ವಿಭಾಗಕ್ಕೆ ಬರಲ್ಲ ಮೇಡಂ," ಎಂದರು ಸಾಹೇಬರು ಜೀಪು ಹತ್ತುತ್ತ. "ನಮ್ದು ತೋಡೋದು ಮಾತ್ರ."

ಅವಳು ಕಣ್ಣು ಹಾಯುವವರೆಗೂ ಇದ್ದ ಗುಂಡಿಗಳನ್ನು ನೋಡಿದಳು, ಹಣೆ ಚಚ್ಚಿಕೊಂಡಳು.

"ಬಾಲ ಬಿಸಾಕೋ," ಎಂದಳು ತಮ್ಮನಿಗೆ. "ಸಲಿಕೆ ತಾ."