ಶ್ರೀಶೈಲದ ದಾರಿಯಲ್ಲೊಂದು ಕದ

ನಾನೊಂದು ಬೇವಿನ ಕದ. ಬಡಿಗೇರ ಮಾನಪ್ಪ ನನ್ನನ್ನು ಮಾಡಿದ್ದು ಹತ್ತಿ ಗೋದಾಮಿಗೆ. ಬೇವಿಗೆ ಹುಳ ಹತ್ತುವುದಿಲ್ಲ ಎನ್ನುತ್ತ ನಾಲ್ಕು ಹಲಗೆ ಜೋಡಿಸಿ, ಅಡ್ಡಪಟ್ಟಿ ಬಡಿದು, ಹೊರಮೈಗೆ ಬೀಗದ ಕೊಂಡಿ ಹಾಕಿದ. ಒಳಮೈಗೆ ಏನೂ ಹಾಕಲಿಲ್ಲ. ಹತ್ತಿ ಅಂಡಿಗೆಗಳು ಒಳಗಿನಿಂದ ಚಿಲಕ ಹಾಕಿಕೊಳ್ಳುವುದಿಲ್ಲವಲ್ಲ.

ಹಮಾಲರ ಹೆಗಲ ಮೇಲೆ ಯಾವಾಗಲೂ ಭಾರವಿರುತ್ತಿತ್ತು. ಹಾಗಾಗಿ ನನ್ನನ್ನು ಕಾಲಿನಿಂದಲೇ ತಳ್ಳುತ್ತಿದ್ದರು. ನನಗೆ ಬೇಸರವೇನೂ ಇರಲಿಲ್ಲ. ಕೊನೆಗೆ ವ್ಯಾಪಾರಿ ಗೋದಾಮು ಕೆಡವಿ ಶಟರ್ ಹಾಕಿಸಿದಾಗ, ನಾನು ರಾಯಚೂರು ರಸ್ತೆಯ ಖಾಜಾಸಾಬನ ಹಳೇ ಕಟ್ಟಿಗೆಯ ಅಡ್ಡೆ ಸೇರಿದೆ. ಬಂದವರೆಲ್ಲ ಗೆಣ್ಣಿನಿಂದ ಬಡಿದು ನೋಡಿ, ಸಾಗವಾನಿ ಅಲ್ಲವೆಂದು ಮುಂದೆ ಹೋಗುತ್ತಿದ್ದರು.

ಗುರುಬಸವ್ವ ಹಾಗೆ ಹೋಗಲಿಲ್ಲ. ಶ್ರೀಶೈಲಕ್ಕೆ ನಡೆದುಹೋಗುವ ದಾರಿಯಲ್ಲಿ ಅವಳಿಗೂ ಗಂಡ ಅಮರಪ್ಪನಿಗೂ ಒಂದು ಚಹಾದಂಗಡಿ ಇತ್ತು. ಅವಳು ನನ್ನನ್ನು ಹಿಂದುಮುಂದು ತಿರುಗಿಸಿ ನೋಡಿದಳು.

"ಒಳಗ ಚಿಲಕನ ಇಲ್ಲಲ್ಲ, ಖಾಜಾಸಾಬ?"

"ಗೋದಾಮಿನ ಕದ ಯವ್ವ ಅದು. ಒಳಗ ಯಾರ ಇರ್ತಿದ್ರು?"

"ಇನ್ನ ಮ್ಯಾಲೆ ಹೆಣ್ಣಮಕ್ಕಳು ಇರ್ತಾರ."

ಯುಗಾದಿಗೆ ಮುಂಚೆ ಶ್ರೀಶೈಲದ ಮಲ್ಲಯ್ಯನ ಭಕ್ತರು ಸಾವಿರಗಟ್ಟಲೆ ನಡೆದು ಬರುತ್ತಾರೆ. ಅವರಿಗೆ ಊರೂರಲ್ಲಿ ದಾಸೋಹ, ಮಜ್ಜಿಗೆ, ಕಾಲಿಗೆ ಎಣ್ಣೆ, ಎಲ್ಲವೂ ಇದೆ. ಮಲಗಲು ಶಾಲೆಯ ಪಡಸಾಲೆ, ಇಲ್ಲವೇ ಮರದ ನೆರಳು. ಆದರೆ ಹೆಂಗಸೊಬ್ಬಳು ಸೀರೆ ಬದಲಿಸಲು ಮರೆಯಿಲ್ಲ. ಲಾಡ್ಜಿನವರು ಆ ದಿನಗಳಲ್ಲಿ ಹೇಳುವ ಬಾಡಿಗೆ ನಡೆಯುವವರ ಕೈಗೆ ಎಟುಕುವುದಿಲ್ಲ. ಹಿಂದಿನ ವರ್ಷ ಗುರುಬಸವ್ವ ದನದ ಮೇವಿನ ಕಣಕಿ ಒಟ್ಟುವ ತನ್ನ ಖೋಲಿಯ ಬಾಗಿಲಿಗೆ ಕೌದಿ ಇಳಿಬಿಟ್ಟು ಒಬ್ಬಳಿಗೆ ಜಾಗ ಕೊಟ್ಟಿದ್ದಳು. ಗಾಳಿ ಬೀಸಿದಾಗಲೆಲ್ಲ ಆ ಹೆಣ್ಣು ಮೂಲೆಗೆ ಸರಿಯುತ್ತ, ಮೈತೊಳೆಯದೆಯೇ ಎದ್ದುಹೋಗಿತ್ತು.

ಇದನ್ನು ಕೇಳಿದ ಖಾಜಾಸಾಬ ಎದ್ದುಹೋಗಿ, ಒಂದು ದಪ್ಪ ಹಿತ್ತಾಳೆಯ ಚಿಲಕ ತಂದು ತಾನೇ ನನ್ನ ಒಳಮೈಗೆ ಬಡಿದುಕೊಟ್ಟ.

ಆದರೆ ಹಬ್ಬದ ಹೊತ್ತಿಗೆ ಅಮರಪ್ಪ ನನ್ನನ್ನು ಹಚ್ಚಿದ್ದ ಆ ಕಣಕಿ ಖೋಲಿಯನ್ನು ತಂಪುಪಾನೀಯದ ವ್ಯಾಪಾರಿಯೊಬ್ಬನಿಗೆ ಒಪ್ಪಿಸಿಬಿಟ್ಟಿದ್ದ. ನೆಲದಿಂದ ಜಂತಿಯವರೆಗೆ ಬಾಟಲಿಯ ಪೆಟ್ಟಿಗೆಗಳು. ನಾನು ಮತ್ತೆ ಗೋದಾಮಿನ ಕದವಾದೆ ಅಂದುಕೊಂಡೆ.

ಒಂದು ಮಧ್ಯಾಹ್ನ ಜಮಖಂಡಿ ಕಡೆಯ ಹೆಂಗಸೊಬ್ಬಳು ಅಂಗಡಿಯ ಮುಂದೆ ನಿಂತಳು. ಹೆಸರು ದಾನವ್ವ. ಸೆರಗನ್ನು ಎಡಗಡೆಗೆ ಬಿಗಿಯಾಗಿ ಒತ್ತಿಹಿಡಿದಿದ್ದಳು.

"ಯಕ್ಕಾ, ಕದ ಇರೂ ಖೋಲಿ ಸಿಗತೈತೇನು? ಹಾಸಿಗಿ ಬ್ಯಾಡ, ಫ್ಯಾನ್ ಬ್ಯಾಡ. ಕದ ಒಂದ ಇದ್ರ ಸಾಕು."

ಗುರುಬಸವ್ವ ಅವಳ ಕೈಯನ್ನು ನೋಡಿದಳು. ದಾನವ್ವ ದನಿ ತಗ್ಗಿಸಿದಳು. "ಆಪರೇಶನ್ ಆಗೈತಿ. ಎದಿ ಒಂದು ತಗದಾರ. ಬದುಕಿ ಉಳದ್ರ ನಡಕೊಂಡು ಬರ್ತೀನಂತ ಮಲ್ಲಯ್ಯಗ ಹರಕಿ ಹೊತ್ತಿದ್ದೆ. ಬೆವರಿಗೆ ಗಾಯದ ಜಾಗ ಉರಿತೈತಿ. ಮಂದಿ ನಡುವ ಹ್ಯಾಂಗ ಬಿಚ್ಚಲಿ?"

ಗುರುಬಸವ್ವ ನೇರವಾಗಿ ಖೋಲಿಗೆ ಬಂದಳು. ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ಹೊರಗಿಟ್ಟಳು. ಅಮರಪ್ಪ ಸ್ವಲ್ಪ ಹೊತ್ತು ಗೊಣಗಿದ. ಆಮೇಲೆ ಅವನೂ ಬಂದು ಎತ್ತತೊಡಗಿದ. ನೆಲ ಗುಡಿಸಿ, ಬಿಸಿನೀರು ಇಟ್ಟು, ಗುರುಬಸವ್ವ ಕೈಚಾಚಿದಳು.

"ಹತ್ತು ರೂಪಾಯಿ ಕೊಡು, ತಂಗಿ."

ಅಮರಪ್ಪನಿಗೇ ನಾಚಿಕೆಯಾಯಿತು. "ನಡಕೊಂಡು ಬಂದಾಕಿ ಹತ್ರ ರೊಕ್ಕ ಕೇಳ್ತಿ?"

"ಪುಕ್ಕಟ ಕೊಟ್ರ ಇನ್ನೊಬ್ರು ಬಂದ್ರೂ ಒಳಗ ಬಿಡಬೇಕಾಗ್ತದ. ಬಾಡಿಗಿ ಕೊಟ್ಲಂದ್ರ ಖೋಲಿ ಆಕಿದು."

ದಾನವ್ವ ಒಳಗೆ ಹೋಗಿ ಚಿಲಕ ಹಾಕಿದಳು. ಒಳಗಿನಿಂದ ಯಾರಾದರೂ ನನ್ನನ್ನು ಮುಚ್ಚಿದ್ದು ಅದೇ ಮೊದಲು. ಅವಳು ಎರಡು ಸಲ ಎಳೆದು ನೋಡಿದಳು. ಆಮೇಲೆ ಕುಪ್ಪಸ ಬಿಚ್ಚಿ, ಅವಸರವಿಲ್ಲದೆ, ಮಗುವಿಗೆ ಎರೆದಷ್ಟು ಜೋಪಾನವಾಗಿ ತನ್ನ ಮೈಗೆ ನೀರು ಹಾಕಿಕೊಂಡಳು. ಗಾಯದ ಗೆರೆಯನ್ನು ಗಾಳಿಗೆ ಬಿಟ್ಟು ಕಣ್ಣು ಮುಚ್ಚಿ ಕೂತಳು.

ಅಷ್ಟರಲ್ಲಿ ಬೇಸಿಗೆಯ ಅಡ್ಡಮಳೆ ಬಂತು, ಆಲಿಕಲ್ಲಿನ ಸಮೇತ. ರಸ್ತೆಯಲ್ಲಿದ್ದ ಒಂದು ದೊಡ್ಡ ತಂಡ ಅಂಗಡಿಯತ್ತ ಓಡಿಬಂತು. ತಂಡದ ಹಿರಿಯ ರುದ್ರಗೌಡ ನನ್ನನ್ನು ಬಡಿದ.

"ಕದ ತಗೀರಿ. ಹೊರಗ ಮಂದಿ ತೋಯಾಕತ್ತಾರ."

ಒಳಗೆ ದಾನವ್ವ ಬೆಚ್ಚಿ, ಒದ್ದೆ ಸೀರೆಯನ್ನೇ ಎಳೆದುಕೊಂಡಳು. ಅವಳ ಕೈ ಚಿಲಕದ ಮೇಲೆ ಬಂತು. ಇನ್ನೊಂದು ಸಲ ಬಡಿದಿದ್ದರೆ ತೆಗೆದೇಬಿಡುತ್ತಿದ್ದಳು.

ಗುರುಬಸವ್ವ ನಡುವೆ ಬಂದು ನನಗೆ ಬೆನ್ನು ಕೊಟ್ಟು ಕೂತಳು.

"ಅದು ಬಾಡಿಗಿ ಕೊಟ್ಟ ಖೋಲಿ, ಗೌಡ್ರ."

"ಮಲ್ಲಯ್ಯನ ದಾರ್ಯಾಗ ಎಲ್ಲಾರೂ ಒಂದ. ಒಬ್ಬರ ಸಲುವಾಗಿ ಇಷ್ಟು ಮಂದಿ ತೋಯಬೇಕೇನು?"

"ಯಾಕ ತೋಯಬೇಕ್ರಿ? ನನ್ನ ಪಡಸಾಲಿ ಅದ, ಅಡಗಿಮನಿ ಅದ. ದೇವರ ಜಗಲಿ ಮುಂದ ಕೂಡ್ರಿ, ಒಲಿ ಹಚ್ಚಿ ಕಾಸಿಕೊಳ್ರಿ. ಈ ಕದ ಮಾತ್ರ ಬಡೀಬ್ಯಾಡ್ರಿ."

ಅಮರಪ್ಪ ಆಗಲೇ ಮನೆಯ ಬಾಗಿಲನ್ನು ಹಾರುಹೊಡೆದು ಎಲ್ಲರನ್ನೂ ಒಳಗೆ ಕರೆಯುತ್ತಿದ್ದ. ರುದ್ರಗೌಡ ನನ್ನಿಂದ ಹಿಂದೆ ಸರಿದ. ಒಳಗೆ ಹೆಣ್ಣುಮಗಳಿದ್ದಾಳೆ ಎಂಬುದು ಹೊಳೆದಿರಬೇಕು. ತನ್ನವರಿಗೆ ಗದ್ದಲ ಮಾಡಬೇಡಿರೆಂದು ಹೇಳಿ, ತಾನು ಕೊನೆಯವನಾಗಿ ಒಳಗೆ ಹೋದ.

ದಾನವ್ವನ ಕೈ ಚಿಲಕದಿಂದ ಇಳಿಯಿತು. ಅವಳು ಕಾಲುಚಾಚಿ ಮಲಗಿ ಮಳೆ ನಿಲ್ಲುವವರೆಗೂ ನಿದ್ದೆ ಮಾಡಿದಳು. ಹೊರಗೆ ಬಂದಾಗ ಸೆರಗು ಸಡಿಲವಾಗಿತ್ತು, ಎರಡೂ ಕೈ ಬಿಡುವಾಗಿದ್ದವು. ಒಂದು ಕೈಯಿಂದ ಗುರುಬಸವ್ವನ ಗಲ್ಲ ಸವರಿ, ತಂಡದೊಂದಿಗೆ ದಾರಿ ಹಿಡಿದಳು.

ಅವಳು ದಾರಿಯುದ್ದಕ್ಕೂ ಏನು ಹೇಳಿದಳೋ, ಮರುವರ್ಷ ಹೆಂಗಸರು 'ಕದದ ಖೋಲಿ ಎಲ್ಲಿ' ಎಂದು ಕೇಳಿಕೊಂಡೇ ಬಂದರು. ಬಸುರಿಯರು, ಮುಟ್ಟಾದವರು, ಕಣ್ಣು ಕಾಣದ ತಾಯಿಯನ್ನು ಕರೆತಂದ ಮಗಳು, ಸುಮ್ಮನೆ ಒಂದು ತಾಸು ಒಬ್ಬಳೇ ಇರಬೇಕೆನಿಸಿದವಳು. ಅಮರಪ್ಪ ಪಕ್ಕದ ಊರುಗಳಿಗೆ ಹೋಗಿ, ಖಾಲಿ ಖೋಲಿ ಇದ್ದವರ ಮನೆಗಳಲ್ಲಿ ಚಹಾ ಕುಡಿಯುತ್ತ, ನೀವೂ ಒಂದು ಕದ ಹಚ್ಚಿರೆಂದು ಹೇಳುತ್ತಿದ್ದನಂತೆ. ಅಷ್ಟು ಹೆಂಗಸರ ನೆಮ್ಮದಿಯ ಉಸಿರು ನನ್ನ ಹಲಗೆಗಳಿಗೆ ತಾಗಿದೆ. ಯಾವ ದೇಗುಲದ ಬಾಗಿಲಿಗೂ ಇದಕ್ಕಿಂತ ಹೆಚ್ಚಿನ ಪುಣ್ಯ ಸಿಕ್ಕೀತೆಂದು ನನಗನಿಸುವುದಿಲ್ಲ.

ಹುಳ ಹತ್ತಲಿಲ್ಲ, ಆದರೆ ಸ್ನಾನದ ನೀರಿಗೆ ನನ್ನ ಕೆಳಅಂಚು ಕೊಳೆಯಿತು. ಈಗ ಅಲ್ಲಿ ಮೂರು ಖೋಲಿಗಳಿವೆ, ಮೂರಕ್ಕೂ ಕಬ್ಬಿಣದ ಕದ. ನನ್ನನ್ನು ಹುಣಸೆಮರದ ಕೆಳಗೆ ಕಲ್ಲುಗಳ ಮೇಲೆ ಅಡ್ಡ ಮಲಗಿಸಿದ್ದಾರೆ. ನಡೆದು ಬಂದವರು ನನ್ನ ಮೇಲೆ ಕೂತು ಕಾಲಿನ ಬೊಬ್ಬೆ ನೋಡಿಕೊಳ್ಳುತ್ತಾರೆ.

ಈ ವರ್ಷ ಗುರುಬಸವ್ವ ತಾನೇ ಶ್ರೀಶೈಲಕ್ಕೆ ನಡೆದಳು. ಇಷ್ಟು ವರ್ಷ ಖೋಲಿ ಬಿಟ್ಟು ಹೋಗಲು ಆಗಿರಲಿಲ್ಲ. ಈ ಸಲ ಅಮರಪ್ಪನೇ ಒತ್ತಾಯಿಸಿ ಕಳಿಸಿದ. ನಿನ್ನೆ ಬಸ್ಸಿನಿಂದ ಇಳಿದವಳು ನೇರವಾಗಿ ಬಂದು ನನ್ನ ಮೇಲೆ ಕೂತಳು.

"ದಾರ್ಯಾಗ ಖೋಲಿ ಸಿಕ್ಕವೇನು?" ಅಮರಪ್ಪ ಕೇಳಿದ.

"ಊರೂರಿಗೂ ಸಿಕ್ಕವು. ಒಂದು ಕಡೆ ಒಬ್ಬಾಕಿ ಸಣ್ಣ ಹುಡುಗಿ. ನಾ ಯಾರು ಅಂತ ಆಕಿಗೆ ಗೊತ್ತಿಲ್ಲ. ಹತ್ತು ರೂಪಾಯಿ ಕೇಳಿದ್ಲು. ಪುಕ್ಕಟ ಕೊಟ್ರ ಖೋಲಿ ನಿಮ್ದು ಆಗೂದಿಲ್ಲ ಯವ್ವ, ಅಂತ ನನಗ ತಿಳಿಸಿ ಹೇಳಿದ್ಲು."

"ನೀ ಏನಂದಿ?"

"ಹೌದವ್ವ ಅಂದೆ. ರೊಕ್ಕ ಕೊಟ್ಟು ಒಳಗ ಹೋಗಿ ಮಕ್ಕೊಂಡೆ."

ಹೇಳುತ್ತ ಹೇಳುತ್ತಲೇ ಅವಳು ನನ್ನ ಮೇಲೆ ಉದ್ದಕ್ಕೆ ಒರಗಿದಳು. ಅಮರಪ್ಪ ನೀರಿನ ತಂಬಿಗೆ ತರುವಷ್ಟರಲ್ಲಿ ನಿದ್ದೆ ಹೋಗಿದ್ದಳು.