ಸರಗೂರಿನ ದಾರಿಯಲ್ಲಿ ಹದಿನೇಳನೇ ಕಾರು

ಪ್ರಮೀಳಾ ಹುಣಸೂರಿನಲ್ಲಿ ಡ್ರೈವಿಂಗ್ ಸ್ಕೂಲು ತೆರೆದು ಹತ್ತೊಂಬತ್ತು ವರ್ಷವಾಗಿತ್ತು. ಊರಿನಲ್ಲಿ ಕಾರು ಓಡಿಸುವ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಅವಳ ಪಕ್ಕದಲ್ಲಿ ಕೂತು, ಬೈಸಿಕೊಂಡು, ಕಲಿತವರೇ. ಬಂದೂ ಕಲಿಯದೆ ಉಳಿದವಳೆಂದರೆ ಅವಳ ಆಪ್ತ ಗೆಳತಿ ಮೀನಾ ಒಬ್ಬಳೇ. ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಮೀನಾ ಮೂರು ಸಲ ಕಲಿಯಲು ಬಂದಿದ್ದಳು. ಮೂರು ಸಲವೂ ಸ್ಟೇರಿಂಗ್ ಹಿಡಿದ ಕೂಡಲೇ ಕೈ ಮರಗಟ್ಟಿ, "ನನ್ನ ಕೈಲಾಗಲ್ಲ ಬುಡೇ" ಎಂದು ಇಳಿದುಬಿಟ್ಟಿದ್ದಳು. ಇಬ್ಬರೂ ಕೆ.ಆರ್. ನಗರದ ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದವರು. ಈಗ ಇಬ್ಬರಿಗೂ ನಲವತ್ತಾರು.

ಮೈಸೂರಿನ ಕಾರು ಕ್ಲಬ್ಬೊಂದು ಹವ್ಯಾಸಿಗಳಿಗೆಂದು ಮೂರು ದಿನದ ರ್ಯಾಲಿ ಇಟ್ಟಿದೆ ಎಂಬ ಸುದ್ದಿ ತಂದವಳು ಪ್ರಮೀಳಾ. ಜೋರಾಗಿ ಓಡಿಸಿ ಗೆಲ್ಲುವ ಪಂದ್ಯ ಅದಲ್ಲ. ಪ್ರತಿದಿನ ಬೆಳಿಗ್ಗೆ ಒಂದು ದಾರಿಪುಸ್ತಕ ಕೊಡುತ್ತಾರೆ. ಅದರಲ್ಲಿ ತಿರುವುಗಳ ಚಿತ್ರ, ಎಲ್ಲಿಂದ ಎಲ್ಲಿಗೆ ಎಷ್ಟು ವೇಗದಲ್ಲಿ ಹೋಗಬೇಕು ಎಂಬ ಅಂಕಿ ಇರುತ್ತದೆ. ದಾರಿಯಲ್ಲಿ ಎಲ್ಲೋ ಮರೆಯಲ್ಲಿ ಕೂತವರು ಗಡಿಯಾರ ಹಿಡಿದು ನೋಡುತ್ತಾರೆ. ಒಂದು ಸೆಕೆಂಡು ಮುಂಚೆ ಬಂದರೂ ತಪ್ಪು, ತಡವಾಗಿ ಬಂದರೂ ತಪ್ಪು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂತು ದಾರಿ ಹೇಳುತ್ತ ಲೆಕ್ಕ ಹಾಕಬೇಕು.

"ಕಾಲು ನಂದು, ಲೆಕ್ಕ ನಿಂದು" ಎಂದಳು ಪ್ರಮೀಳಾ ಫೋನಿನಲ್ಲಿ. "ಇಲ್ಲ ಅನ್ಬೇಡ ಕಣೇ. ಈ ವರ್ಷ ಬಿಟ್ರೆ ಇಲ್ಲ."

ಯಾಕೆ ಈ ವರ್ಷ ಬಿಟ್ಟರೆ ಇಲ್ಲ ಎಂದು ಮೀನಾ ಕೇಳಬೇಕಿತ್ತು. ಕೇಳಲಿಲ್ಲ. ಕ್ರಿಸ್‌ಮಸ್ ರಜೆಗೆ ಎರಡು ದಿನ ಸೇರಿಸಿ ರಜೆ ಚೀಟಿ ಬರೆದುಕೊಟ್ಟಳು.

ಸ್ಕೂಲಿನ ಬಿಳಿ ಕಾರನ್ನೇ ತೊಳೆದು ತಯಾರು ಮಾಡಿದರು. ಕಲಿಸುವವರಿಗೆಂದು ಎಡಗಡೆ ಸೀಟಿನ ಮುಂದೆ ಕಾಲ ಬಳಿ ಇನ್ನೊಂದು ಬ್ರೇಕು, ಕ್ಲಚ್ಚು ಇದ್ದವು. ರ್ಯಾಲಿಯವರು ಅವು ಇರಕೂಡದು ಎಂದಿದ್ದಕ್ಕೆ ಬಿಚ್ಚಿಸಿ, ಅಲ್ಲಿ ರಬ್ಬರು ಚಾಪೆ ಹಾಸಿದರು. ಬಾಗಿಲ ಮೇಲೆ ಹದಿನೇಳು ಎಂದು ನಂಬರು ಅಂಟಿಸಿದರು.

ಮೊದಲ ದಿನ ಹುಣಸೂರಿನಿಂದ ಕೆ.ಆರ್. ನಗರ, ಅಲ್ಲಿಂದ ಸಾಲಿಗ್ರಾಮದ ಕಡೆ ಸುತ್ತಿ ಚುಂಚನಕಟ್ಟೆ. ನಿಮಿಷಕ್ಕೊಂದರಂತೆ ಕಾರುಗಳು ಹೊರಟವು. ಹಿಂದಿನ ಹದಿನೆಂಟನೇ ಕಾರಿನಲ್ಲಿ ಕೆ.ಆರ್. ನಗರದ ಅಕ್ಕಿ ಗಿರಣಿಯ ಕಾಂತರಾಜ್ ಮತ್ತು ಅವನ ಭಾವಮೈದ ಇದ್ದರು. "ಮೇಡಂ, ನೀವು ಮುಂದ್ಗಡೆ ಓಗಿ ದಾರಿ ತಪ್ಪುದ್ರೆ ನಾವೂ ನಿಮ್ಮಿಂದೇನೇ ತಪ್ತೀವಿ, ಸ್ವಲ್ಪ ನೋಡ್ಕಂಡು" ಎಂದು ಅವನು ನಗಿಸಿದ.

ಪ್ರಮೀಳಾಳ ಕಾಲಿನ ಹದ ಎಂಥದು ಎಂದು ಮೀನಾಳಿಗೆ ಅವತ್ತು ಗೊತ್ತಾಯಿತು. ಮೂವತ್ತಾರು ಎಂದರೆ ಮುಳ್ಳು ಮೂವತ್ತಾರರ ಮೇಲೆ ನಿಂತುಬಿಡುತ್ತಿತ್ತು. ನಾಲೆಯ ಏರಿಯ ಮೇಲೆ ಕಾರು ಹೊರಟರೆ ಮಡಿಲ ಮೇಲಿದ್ದ ಪೆನ್ಸಿಲು ಅಲುಗುತ್ತಿರಲಿಲ್ಲ. ಕೆ.ಆರ್. ನಗರದ ಸರ್ಕಲ್ಲಿನಲ್ಲಿ ಮಾತ್ರ ಎಡಗಡೆಯ ಪ್ಲಾಸ್ಟಿಕ್ ಬ್ಯಾರಿಕೇಡಿಗೆ ಕಾರು ತಾಗಿ ಅದು ಉರುಳಿಬಿತ್ತು. "ರೋಡ್ ಮಧ್ಯ ಇಟ್ಟವ್ರೆ ನೋಡು" ಎಂದಳು ಪ್ರಮೀಳಾ. ಅದು ರೋಡಿನ ಮಧ್ಯ ಇರಲಿಲ್ಲ. ಮೀನಾ ಲೆಕ್ಕದಲ್ಲಿದ್ದಳು, ಮುಂದಿನ ತಿರುವು ಓದಿದಳು. ಸಂಜೆ ಪಟ್ಟಿ ಹಾಕಿದಾಗ ಇಪ್ಪತ್ತನಾಲ್ಕು ಕಾರಿನಲ್ಲಿ ಅವರದು ಐದನೆಯದಾಗಿತ್ತು.

ಎರಡನೇ ದಿನ ಬೆಟ್ಟದಪುರದ ಕಡೆ. ದಾರಿಯುದ್ದಕ್ಕೂ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಗಳು, ಹರಾಜಿಗೆ ಹೊರಟ ಟ್ರ್ಯಾಕ್ಟರುಗಳು. ಅವತ್ತು ಮೀನಾ ಗಮನಿಸಿದಳು. ಪ್ರಮೀಳಾ ಮೊದಲಿನಂತೆ ಕಣ್ಣು ಹೊರಳಿಸಿ ಅಕ್ಕಪಕ್ಕ ನೋಡುತ್ತಿರಲಿಲ್ಲ. ಕತ್ತನ್ನೇ ಪೂರ್ತಿ ಆ ಕಡೆ ಈ ಕಡೆ ತಿರುಗಿಸುತ್ತಿದ್ದಳು. "ಎಡಕ್ಕೆ ಏನಾದ್ರೂ ಇದ್ರೆ ಹೇಳ್ತಾ ಇರೇ" ಎಂದು ಎರಡು ಸಲ ಅಂದಳು. ಒಂದು ಊರಿನ ಬಾಗಿಲಲ್ಲಿ ಹಗ್ಗ ಕಿತ್ತುಕೊಂಡ ಕರುವೊಂದು ಬಲಗಡೆಯಿಂದ ರಸ್ತೆಗೆ ಬಂತು. ನೋಡುವವರಿಗೆ ಅದು ದೂರದಿಂದಲೇ ಕಾಣುತ್ತಿತ್ತು. ಕಾರಿನ ವೇಗ ಒಂದಿಷ್ಟೂ ಇಳಿಯಲಿಲ್ಲ. ಮೀನಾ "ಕರು, ಕರು" ಎಂದಳು. ಅವಳ ಬಲಗಾಲು ತಾನಾಗಿ ಮುಂದೆ ಹೋಗಿ ಬರಿಯ ರಬ್ಬರು ಚಾಪೆಯನ್ನು ಒತ್ತಿತು. ಪ್ರಮೀಳಾ ಕತ್ತು ತಿರುಗಿಸಿ, ಬ್ರೇಕು ತುಳಿದಳು. ಕರು ಬಾನೆಟ್ಟಿನ ಮುಂದೆ ಗೇಣು ದೂರದಲ್ಲಿ ಹಾದುಹೋಯಿತು.

ಅವತ್ತಿನ ದಾರಿ ಮುಗಿದದ್ದು ಪಿರಿಯಾಪಟ್ಟಣದಲ್ಲಿ. ಅವರು ಮೂರನೇ ಸ್ಥಾನಕ್ಕೆ ಏರಿದ್ದರು. ಉಳಿದವರು ಲಾಡ್ಜಿಗೆ ಹೋದರು, ಪ್ರಮೀಳಾ ಮೀನಾಳ ಮನೆಗೆ ಬಂದಳು. ಸಂಜೆ ಹಿತ್ತಿಲ ಕಟ್ಟೆಯ ಮೇಲೆ ಕೂತು ಚೀಲದಿಂದ ಸಣ್ಣ ಬಾಟಲಿ ತೆಗೆದು ಕಣ್ಣಿಗೆ ಔಷಧ ಬಿಟ್ಟುಕೊಂಡಳು. ಮೀನಾ ಕಾಫಿ ಲೋಟ ಹಿಡಿದು ಎದುರು ನಿಂತಳು.

"ಎಷ್ಟು ದಿನದಿಂದ?"

ಪ್ರಮೀಳಾ ಕಣ್ಣು ಮುಚ್ಚಿಕೊಂಡೇ ಉತ್ತರ ಕೊಟ್ಟಳು. "ಡಾಕ್ಟರು ಹೇಳಿ ಎಂಟು ತಿಂಗ್ಳಾಯ್ತು. ಗ್ಲಾಕೋಮಾ ಅಂತೆ. ಎದುರಿಗೆ ಇರೋದು ಚೆನ್ನಾಗೇ ಕಾಣ್ತದೆ. ಅಕ್ಕಪಕ್ಕ ಮುಚ್ಕಂಡು ಬತ್ತಾ ಇದೆ. ಪೈಪಿನೊಳಗಿಂದ ನೋಡ್ದಂಗೆ."

"ವಾಸಿ?"

"ಹೋಗಿದ್ದು ಬರಲ್ವಂತೆ. ಇರೋದನ್ನ ಉಳಿಸ್ಕೊಳ್ಳಾಕೆ ಈ ಡ್ರಾಪ್ಸು."

ಸ್ಕೂಲಿನಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಓಡಿಸುವವರು ಕಲಿಯಲು ಬಂದವರು. ಇವಳು ಎಡಗಡೆ ಕೂತು ಹೇಳುತ್ತಿದ್ದಳು ಅಷ್ಟೇ. ತಾನೇ ಓಡಿಸುವುದನ್ನು ಒಂದೊಂದಾಗಿ ಬಿಟ್ಟಿದ್ದಳು. ಮೊದಲು ಮೈಸೂರು, ಆಮೇಲೆ ಸಂತೆಯ ದಿನ, ಆಮೇಲೆ ಸಂಜೆಯ ಹೊತ್ತು.

"ನಾಳೆ ಬ್ಯಾಡ" ಎಂದಳು ಮೀನಾ. "ಇಲ್ಲಿಗೇ ಸಾಕು. ಕಾರು ಇಲ್ಲೇ ಇರ್ಲಿ. ಬಸ್ಸಲ್ಲಿ ಓಗವ."

"ಒಂದೇ ದಿನ ಕಣೇ. ನಾಡಿದ್ದು ನಾನೇ ಹೋಗಿ ಲೈಸೆನ್ಸು ವಾಪಸ್ ಕೊಟ್ಟು ಬತ್ತೀನಿ. ಇಪ್ಪತ್ತೆಂಟು ವರ್ಷ ಓಡಿಸಿದೀನಿ ಮೀನಾ. ಈಗ ಎಲ್ರ ಮುಂದೆ ಒಂದ್ಸಾರಿ ಸರಿಯಾಗಿ ಓಡಿಸಿ ಮುಗಿಸ್ತೀನಿ ಅಂದ್ರೆ ನೀನು ಬ್ಯಾಡ ಅಂತೀಯಾ?"

ನಾನು ಕೂರುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಪಕ್ಕದಲ್ಲಿ ಕೂರುವವರಿಲ್ಲದೆ ಕಾರು ಹೊರಡುವಂತಿರಲಿಲ್ಲ. ಆ ಮಾತು ಬಾಯಿಯವರೆಗೆ ಬಂತು. ಆದರೆ ಪ್ರಮೀಳಾ ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿದ್ದಳು. ಔಷಧವೋ ಅಳುವೋ, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅಕ್ಕಪಕ್ಕ ನಾನೇ ನೋಡಿ ಹೇಳಿದರಾಯಿತು, ಒಂದು ದಿನ ತಾನೇ, ಎಂದು ಮೀನಾ ತನಗೆ ತಾನೇ ಹೇಳಿಕೊಂಡಳು. ಲೋಟ ಅವಳ ಕೈಗೆ ಕೊಟ್ಟು ಒಳಗೆ ಹೋದಳು.

ಮೂರನೇ ದಿನದ ದಾರಿ ಹುಣಸೂರು ದಾಟಿ ಎಚ್.ಡಿ. ಕೋಟೆ, ಅಲ್ಲಿಂದ ಸರಗೂರು. ಮೀನಾ ಹೇಳುತ್ತಲೇ ಹೋದಳು. "ಎಡಕ್ಕೆ ಸೈಕಲ್ಲು. ಬಲಕ್ಕೆ ಎತ್ತಿನ ಗಾಡಿ, ನಿಂತದೆ. ಎಡಕ್ಕೆ ಇಬ್ರು ಹೆಂಗಸ್ರು, ಸೌದೆ ಹೊತ್ತವ್ರೆ." ನಡುವೆ ಪುಸ್ತಕದ ಚಿತ್ರ, ನಡುವೆ ಗಡಿಯಾರ. ಎಚ್.ಡಿ. ಕೋಟೆ ದಾಟುವಾಗ ಲೆಕ್ಕದಲ್ಲಿ ಹನ್ನೊಂದು ಸೆಕೆಂಡು ಎಲ್ಲಿಯೋ ತಪ್ಪಿತ್ತು. ಕಣ್ಣು ರಸ್ತೆಗೆ ಇಟ್ಟರೆ ಲೆಕ್ಕ ಜಾರುತ್ತಿತ್ತು, ಲೆಕ್ಕಕ್ಕೆ ಇಟ್ಟರೆ ರಸ್ತೆ. ನಿಲ್ಲಿಸು ಎನ್ನೋಣವೆಂದರೆ ಪಕ್ಕದಲ್ಲಿ ಪ್ರಮೀಳಾಳ ಮುಖ ಹಾಸ್ಟೆಲಿನ ದಿನಗಳ ಮುಖದಂತೆ ಬೆಳಗಿತ್ತು.

ಸರಗೂರಿಗೆ ಇನ್ನು ಐದಾರು ಕಿಲೋಮೀಟರು ಇರುವಲ್ಲಿ ರಸ್ತೆಯ ಬಲ ಅರ್ಧಕ್ಕೆ ಹುರುಳಿ ಹರಡಿದ್ದರು. ವಾಹನಗಳ ಚಕ್ರಕ್ಕೆ ಸಿಕ್ಕಿ ಕಾಳು ಬಿಡಲಿ ಎಂದು ಆ ಕಡೆಯ ಜನ ಹಾಗೆ ಹರಡುತ್ತಾರೆ. ನಾಲ್ಕೈದು ಜನ ಕೋಲು ಹಿಡಿದು ಅದರ ಮೇಲೆ ನಿಂತಿದ್ದರು. "ಬಲಕ್ಕೆ ಜನ, ಹುರುಳಿ ಮೇಲೆ" ಎಂದಳು ಮೀನಾ. ಪ್ರಮೀಳಾ ಎಡಕ್ಕೊಮ್ಮೆ ಕತ್ತು ತಿರುಗಿಸಿ ಕಾರನ್ನು ಆ ಕಡೆ ಒತ್ತಿದಳು. ಮುಂದೆ ಕವಲು ದಾರಿಯಿತ್ತು. ಯಾವ ಕಡೆ ಎಂದು ನೋಡಲು ಮೀನಾ ಪುಸ್ತಕಕ್ಕೆ ತಲೆ ಬಗ್ಗಿಸಿದಳು. ಒಂದು ಚಿತ್ರ ನೋಡುವಷ್ಟು ಹೊತ್ತು, ಹೆಚ್ಚಿಲ್ಲ.

ಸದ್ದು ಅವಳ ಬಾಗಿಲ ಕಡೆಯೇ ಆಯಿತು.

ಹೊಲದ ಓಣಿಯಿಂದ ಸೈಕಲ್ಲಿನಲ್ಲಿ ಬಂದವನು ಪುಟ್ಟಮಲ್ಲಪ್ಪ. ಅರವತ್ತು ದಾಟಿದ ಮನುಷ್ಯ, ಡೈರಿಗೆ ಹಾಲು ಹಾಕಲು ಹೊರಟಿದ್ದ. ಮೀನಾ ಬಾಗಿಲು ತೆರೆದು ಇಳಿದಾಗ ಅವನು ಚರಂಡಿಯ ಅಂಚಿನಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದ. ಬಲಗೈ ಮಣಿಕಟ್ಟಿನ ಹತ್ತಿರ ಇರಬಾರದ ರೀತಿಯಲ್ಲಿ ತಿರುಗಿಕೊಂಡಿತ್ತು. ಕ್ಯಾನು ಉರುಳಿ ಹಾಲು ಚರಂಡಿಗೆ ಹರಿಯುತ್ತಿತ್ತು. ಕೋಲು ಹಿಡಿದಿದ್ದವರು ಓಡಿ ಬಂದರು. ಪ್ರಮೀಳಾ ಕಾರಿಳಿದು, ಬಾನೆಟ್ಟು ಹಿಡಿದುಕೊಂಡು ಸುತ್ತಿ ಬಂದಳು. ಎಲ್ಲಿ ಬಿದ್ದಿದ್ದಾನೆ ಎಂದು ಅವಳಿಗೆ ಕೂಡಲೇ ಕಾಣಲಿಲ್ಲ.

"ನನ್ನ ಕಡೀಕೇ ಮಖ ತಿರುಗ್ಸಿದ್ರಲ್ಲವ್ವಾ" ಎಂದ ಪುಟ್ಟಮಲ್ಲಪ್ಪ ಅವಳನ್ನು ನೋಡಿ. ಬೈಗುಳವಿರಲಿಲ್ಲ, ಅರ್ಥವಾಗದವನ ದನಿ. "ನೋಡುದ್ರು, ನಿಲ್ಲಿಸ್ತಾರೆ ಅಂದ್ಕಂಡು ನಾನು ಬಂದೆ."

ಪ್ರಮೀಳಾ ಅವನ ತಲೆಯ ಹತ್ತಿರ ಮಣ್ಣಿನಲ್ಲಿ ಕೂತಳು. ಆಸ್ಪತ್ರೆಗೆ ಕರೆದುಕೊಂಡು ಹೋಗಲು ಕಾರಿತ್ತು, ಪೆಟ್ರೋಲಿತ್ತು. ಮೀನಾ ಅದನ್ನು ಓಡಿಸಲಾರಳು, ಪ್ರಮೀಳಾ ಓಡಿಸಕೂಡದು. ಫೋನು ತೆಗೆದರೆ ಸಿಗ್ನಲ್ ಇರಲಿಲ್ಲ. ಮೀನಾ ರಸ್ತೆಯ ಮಧ್ಯಕ್ಕೆ ಹೋಗಿ ಎರಡೂ ಕೈ ಎತ್ತಿ ನಿಂತಳು.

ಬಂದದ್ದು ಹದಿನೆಂಟನೇ ಕಾರು. ಕಾಂತರಾಜ್ ಏನೂ ಕೇಳಲಿಲ್ಲ. ಹಿಂದಿನ ಸೀಟಿನ ಸಾಮಾನೆಲ್ಲ ರಸ್ತೆಗೆ ಎಸೆದು, ಪುಟ್ಟಮಲ್ಲಪ್ಪನನ್ನು ಮಲಗಿಸಿಕೊಂಡು, ಭಾವಮೈದನನ್ನು ಅಲ್ಲೇ ಬಿಟ್ಟು, ಇವರಿಬ್ಬರನ್ನೂ ಹತ್ತಿಸಿಕೊಂಡು ಸರಗೂರಿನ ಆಸ್ಪತ್ರೆಗೆ ಹೊರಟ.

ಮಣಿಕಟ್ಟು ಎರಡು ಕಡೆ ಮುರಿದಿತ್ತು, ಭುಜದ ಮೂಳೆ ಒಂದು ಕಡೆ. ಪ್ರಾಣಕ್ಕೆ ಭಯವಿಲ್ಲ ಎಂದರು. ಪೊಲೀಸರು ಬರುವ ಮೊದಲು ಕಾಂತರಾಜ್ ಮೀನಾಳನ್ನು ಪಕ್ಕಕ್ಕೆ ಕರೆದ. "ಅವ್ರೇ ಓಣಿಯಿಂದ ಅಡ್ಡ ಬಂದ್ರು ಅಂತ ಬರ್ಸಿದ್ರೆ ಮುಗೀತದೆ ಮೇಡಂ. ಸುಳ್ಳೂ ಅಲ್ಲ ಅದು." ಮೀನಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಗೋಡೆಯ ಮೇಲಿನ ಲಸಿಕೆಯ ಪಟವನ್ನು ನೋಡುತ್ತ ನಿಂತಳು. ನಿನ್ನೆ ಸಂಜೆಯೂ ಹೀಗೆಯೇ ನಿಂತಿದ್ದೆ ಎನಿಸಿತು.

ಎಸ್‌ಐ ಬಂದು, "ಯಾರಮ್ಮ ಗಾಡಿ ಓಡಿಸ್ತಿದ್ದೋರು?" ಎಂದು ಕೇಳಿದಾಗ ಪ್ರಮೀಳಾ ಎದ್ದು ನಿಂತಳು.

"ನಾನು ಸರ್. ನನಗೆ ಅಕ್ಕಪಕ್ಕ ಕಣ್ಣು ಕಾಣ್ಸಲ್ಲ. ಎಂಟು ತಿಂಗಳಿಂದ ಗೊತ್ತಿತ್ತು. ಗೊತ್ತಿದ್ದೂ ಓಡಿಸ್ದೆ."

ಎಸ್‌ಐ ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದ. "ಪಕ್ಕದಲ್ಲಿದ್ದೋರಿಗೆ ಗೊತ್ತಿತ್ತಾ?"

"ಇಲ್ಲ ಸರ್" ಎಂದಳು ಪ್ರಮೀಳಾ.

"ಗೊತ್ತಿತ್ತು" ಎಂದಳು ಮೀನಾ. ಅವಳ ದನಿ ಅವಳಿಗೇ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತು. "ನಿನ್ನೆಯಿಂದ ಗೊತ್ತಿತ್ತು ಸರ್."

ಅಷ್ಟರಲ್ಲಿ ಪುಟ್ಟಮಲ್ಲಪ್ಪನ ಹೆಂಡತಿ ಭದ್ರಮ್ಮ ಬಂದಳು. ಗಂಡನ ಕೈ ನೋಡಿದಳು, ಅಳಲಿಲ್ಲ. ಬೆಂಚಿನ ಮೇಲೆ ಕೂತು, "ಎರಡು ಹಸ ಅವೆ. ಅವ್ರ ಕೈ ಬಿಟ್ರೆ ಯಾರ್ಗೂ ಸೊರ ಬುಟ್ಟು ಹಾಲು ಕೊಡಕ್ಕಿಲ್ಲ. ನಾನು ಹತ್ರ ಓದ್ರೆ ಒದೀತವೆ" ಎಂದಳು ಯಾರಿಗೆಂದಿಲ್ಲದೆ.

ಪ್ರಮೀಳಾ ಹುಟ್ಟಿದ್ದು ಚುಂಚನಕಟ್ಟೆಯ ಹತ್ತಿರದ ಗದ್ದೆ ಮನೆಯಲ್ಲಿ, ಹಸುಗಳ ನಡುವೆ ಬೆಳೆದವಳು. ಅವಳು ಭದ್ರಮ್ಮನ ಹತ್ತಿರ ಹೋಗಿ ಬಗ್ಗಿದಳು. "ನಾನು ಬಂದಿದ್ದು ಹಾಲು ಕರ್ದು ಕೊಡ್ತೀನಿ ಕಣವ್ವ. ಅವ್ರು ಎದ್ದೇಳೋವರ್ಗೂ ಇಲ್ಲೇ ಎಲ್ಲಾದ್ರೂ ಇರ್ತೀನಿ."

ಭದ್ರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಎದೆಯ ಮೇಲಿನ ರ್ಯಾಲಿಯ ಬಣ್ಣದ ಬಿಲ್ಲೆ, ಮಣ್ಣಾದ ಮೊಣಕಾಲು. "ಬ್ಯಾಡ ಕಣವ್ವ" ಎಂದಳು. ಗದರಲಿಲ್ಲ. "ನೀವು ನಮ್ಮನೆ ತಾವ್ಕೆ ಬರಬ್ಯಾಡಿ."

ಕಾರು ಸ್ಟೇಷನ್ನಿನಲ್ಲಿ ಉಳಿಯಿತು. ಇಬ್ಬರೂ ಬಸ್ಸಿನಲ್ಲಿ ಹೊರಟರು. ಕೋಟೆಯವರೆಗೆ ಸೀಟು ಸಿಗಲಿಲ್ಲ, ಕಂಬಿ ಹಿಡಿದು ನಿಂತು ಬಂದರು. ಕಾಂತರಾಜ್ ಕೂಡ ರ್ಯಾಲಿ ಬಿಟ್ಟಿದ್ದ. ಯಾರು ಗೆದ್ದರೆಂದು ಅವರು ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಆಮೇಲೆ ಕೇಸು ನಡೆಯಿತು. ಆಸ್ಪತ್ರೆಯ ಖರ್ಚನ್ನು ಪ್ರಮೀಳಾ ಕೊಟ್ಟಳು. ಪುಟ್ಟಮಲ್ಲಪ್ಪನ ಕೈ ಕೂಡಿಕೊಂಡಿತು, ಬೆರಳು ಪೂರ್ತಿ ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದರು. ಹಸುಗಳಲ್ಲಿ ಒಂದನ್ನು ಮಾರಿದರಂತೆ. ಎರಡು ಸಲ ಪ್ರಮೀಳಾ ಹಣ್ಣು ತೆಗೆದುಕೊಂಡು ಸರಗೂರಿನವರೆಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಕೂತು, ಊರೊಳಗೆ ಹೋಗಲಾರದೆ ವಾಪಸು ಬಂದಳು. ಅದನ್ನು ಮೀನಾಳಿಗೆ ಹೇಳಿದ್ದು ಬಹಳ ದಿನದ ಮೇಲೆ.

ಅದಕ್ಕೆಲ್ಲ ಮೊದಲು, ಜನವರಿಯ ಒಂದು ಬೆಳಿಗ್ಗೆ ಇಬ್ಬರೂ ಲೈಸೆನ್ಸು ವಾಪಸು ಕೊಡಲು ಹುಣಸೂರಿನ ಆರ್‌ಟಿಓ ಆಫೀಸಿಗೆ ಹೋದರು. ಗುಮಾಸ್ತ ಪ್ರಮೀಳಾಳನ್ನು ಇಪ್ಪತ್ತು ವರ್ಷದಿಂದ ಬಲ್ಲವನು. "ಏನ್ ಮೇಡಂ, ಹೊಸ ಬ್ಯಾಚಾ?" ಎಂದ. ವಿಷಯ ಕೇಳಿ ಅವನ ಮುಖ ಸಣ್ಣದಾಯಿತು. ಅದಕ್ಕೆ ಯಾವ ಅರ್ಜಿ ಎಂದು ಅವನಿಗೂ ಗೊತ್ತಿರಲಿಲ್ಲ. ಯಾರೂ ಹಾಗೆ ಬಂದವರೇ ಇಲ್ಲ. "ಸಾಹೇಬ್ರು ಮೀಟಿಂಗ್‌ಗೆ ಮೈಸೂರಿಗೆ ಹೋಗವ್ರೆ. ನಾಳೆ ಬನ್ನಿ ಮೇಡಂ, ಕೇಳಿ ಹೇಳ್ತೀನಿ."

ಪ್ರಮೀಳಾ ಕಾರ್ಡನ್ನು ಮತ್ತೆ ಪರ್ಸಿನಲ್ಲಿ ಇಟ್ಟುಕೊಂಡಳು.

ಹೊರಗೆ ಬಂದು ರಸ್ತೆ ದಾಟಬೇಕಿತ್ತು. ಮಡಿಕೇರಿ ಕಡೆಯ ಬಸ್ಸುಗಳು, ಲಾರಿಗಳು ಬಿಡುವಿಲ್ಲದೆ ಹರಿಯುತ್ತಿದ್ದವು. ಪ್ರಮೀಳಾ ಅಂಚಿನಲ್ಲಿ ನಿಂತು ಕತ್ತು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು, ಮತ್ತೆ ಅತ್ತ. ಒಂದು ಹೆಜ್ಜೆ ಇಟ್ಟು ಹಿಂದಕ್ಕೆ ಸರಿದಳು. ಮೀನಾ ಪಕ್ಕದಲ್ಲೇ ಇದ್ದಳು. ಕೈ ಹಿಡಿಯಲೋ ಬೇಡವೋ ಎಂದು ಅವಳಿಗೆ ತಿಳಿಯಲಿಲ್ಲ. ಹಿಡಿದರೆ ಪ್ರಮೀಳಾಳಿಗೆ ನೋವಾದೀತು, ಹಿಡಿಯದಿದ್ದರೆ ಲಾರಿ. ಹಾಗೆ ಇಬ್ಬರೂ ಬಹಳ ಹೊತ್ತು ನಿಂತೇ ಇದ್ದರು.