ಕೋಲಿನ ಇನ್ನೊಂದು ತುದಿ

ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಸ್ಟೀಲಿನ ಕೋಲನ್ನು ಹೆಗಲ ಮೇಲಿಟ್ಟುಕೊಂಡು ಲಿಫ್ಟಿನಲ್ಲಿ ಇಳಿಯುವುದೆಂದರೆ ವಿಶಾಲಾಕ್ಷಿಗೆ ಮೊದಮೊದಲು ಬಹಳ ನಾಚಿಕೆಯಾಗುತ್ತಿತ್ತು. ಎಷ್ಟು ಕುಗ್ಗಿಸಿದರೂ ಅದು ಅವಳಿಗಿಂತ ಉದ್ದವೇ. ಮಾಸ್ಕ್ ಹಾಕಿಕೊಂಡ ನೆರೆಯವರು ಮೂಲೆಗೆ ಸರಿದು ಜಾಗ ಬಿಡುತ್ತಿದ್ದರು, ಅವಳು ಪ್ರತಿ ಮಹಡಿಗೂ ಜಪಾನಿ ಭಾಷೆಯಲ್ಲಿ ‘ಸುಮಿಮಾಸೆನ್’ ಎಂದು ಕ್ಷಮೆ ಕೇಳಿ ಬಗ್ಗುತ್ತಿದ್ದಳು. ಅವಳ ಹಿಂದೆ, ಸೀಟೇ ಇಲ್ಲದ ಪುಟ್ಟ ಸೈಕಲ್ಲನ್ನು ಹಿಡಿದುಕೊಂಡು ನಿಂತ ಹನ್ನೆರಡು ವರ್ಷದ ಮಗಳು ಶ್ರೀರಕ್ಷಾ, “ಅಮ್ಮಾ, ಒನ್ಸ್ ಹೇಳಿದ್ರೆ ಸಾಕು,” ಎಂದು ಮೆಲ್ಲಗೆ ಗೊಣಗುತ್ತಿದ್ದಳು.

ಅದು ಕೂತು ಓಡಿಸುವ ಸೈಕಲ್ಲಲ್ಲ, ನಿಂತು ಹಾರಿಸುವ ಸೈಕಲ್. ಕೊರೋನಾ ಬಂದ ಮೊದಲ ವರ್ಷ ಶಾಲೆ ಮುಚ್ಚಿ ಹುಡುಗಿ ಪರದೆಯ ಮುಂದೆ ಬಾಡತೊಡಗಿದಾಗ, ಶಿನಾಗಾವಾದ ಆಫೀಸಿನ ಮುರಾತಾ-ಸಾನ್ ತಮ್ಮ ಮಗ ಬಿಟ್ಟುಹೋದ ಟ್ರಯಲ್ಸ್ ಸೈಕಲ್ಲನ್ನು ವಿಶಾಲಾಕ್ಷಿಯ ಗಂಡ ಮುಕುಂದನಿಗೆ ಕೊಟ್ಟಿದ್ದರು. ಮುಕುಂದ ಹೊಟ್ಟೆ ಬಂದ ಮನುಷ್ಯ. ಅವನು ಹಾರಿದ್ದು ಹೆಚ್ಚೆಂದರೆ ಒಂದು ಗೇಣು. ಆದರೆ ವೀಡಿಯೋ ನೋಡಿ ನೋಡಿ ಹೇಳಿಕೊಡುವುದನ್ನು ಚೆನ್ನಾಗಿ ಕಲಿತಿದ್ದ. ಬ್ರೇಕ್ ಹಿಡಿದು ಹಿಂದಿನ ಚಕ್ರದ ಮೇಲೆ ನಿಲ್ಲಬೇಕು. “ಮೊದ್ಲು ಕುಗ್ಗು, ಆಮೇಲೆ ಹಿಗ್ಗು. ಕೋಲು ನೋಡ್ಬೇಡ ಪುಟ್ಟೀ, ಇಳಿಯೋ ಜಾಗ ನೋಡು. ಕೋಲು ನೋಡಿದ್ರೆ ಕೋಲಿಗೇ ಹೊಡಿತೀಯ.”

ಎಡೋಗಾವಾದ ಹೊಳೆದಂಡೆಯಲ್ಲಿ, ರೈಲು ಸೇತುವೆಯ ಕೆಳಗೆ, ಕೋಲಿನ ಒಂದು ತುದಿಯನ್ನು ಕಬ್ಬಿಣದ ಕಂಬಕ್ಕೆ ಕಟ್ಟಿದ ಹಗ್ಗದ ಕುಣಿಕೆಗೆ ಸಿಕ್ಕಿಸುತ್ತಿದ್ದರು. ಕಂಬದ ಮೇಲೆ ಮುಕುಂದ ಸೆಂಟಿಮೀಟರ್ ಲೆಕ್ಕದಲ್ಲಿ ನೀಲಿ ಟೇಪಿನ ಗುರುತು ಅಂಟಿಸಿದ್ದ. ಇನ್ನೊಂದು ತುದಿ ವಿಶಾಲಾಕ್ಷಿಯ ಕೈಯಲ್ಲಿ. ಚಕ್ರ ತಗುಲಿದರೆ ಕೋಲು ಠಣ್ ಎನ್ನುತ್ತಿತ್ತು. ಸೇತುವೆಯ ಬುಡದಲ್ಲೊಂದು ಕಾಂಕ್ರೀಟ್ ಕಟ್ಟೆ ಇತ್ತು. ಮುಕುಂದ ಅಳೆದು ನೋಡಿದ್ದ, ಸರಿಯಾಗಿ ಎಪ್ಪತ್ತು.

ಎರಡನೆಯ ವರ್ಷದ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಅವನ ತಮ್ಮ ಗುರುರಾಜ ಕೊರೋನಾದಿಂದ ಆಸ್ಪತ್ರೆ ಸೇರಿದ. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಮುಕುಂದ ಹೊರಟು ನಿಂತ. “ನಾನು ಬರೋಷ್ಟರಲ್ಲಿ ನೀನು ಆ ಕಟ್ಟೆ ಮೇಲೆ ನಿಂತಿರ್ಬೇಕು,” ಎಂದು ಮಗಳಿಗೆ ಹೇಳಿದ. ಗುರುರಾಜ ಎದ್ದ, ಮುಕುಂದ ಮಲಗಿದ. ಅಷ್ಟರಲ್ಲಿ ಭಾರತದಿಂದ ಬರುವವರಿಗೆ ಜಪಾನಿನ ಬಾಗಿಲು ಮುಚ್ಚಿತು. ಇವಳು ಹೋದರೆ ತಿರುಗಿ ಬರುವಂತಿಲ್ಲ. ಹೋಗಲೋ ಬೇಡವೋ ಎಂದು ವಿಶಾಲಾಕ್ಷಿ ಮೂರು ಸಲ ಟಿಕೆಟ್ಟಿನ ಪುಟ ತೆರೆದು ಮೂರು ಸಲ ಮುಚ್ಚಿದಳು.

ಆಮೇಲೆ ದಿನವೂ ಎರಡು ಅಂಕಿಗಳು ಸಮುದ್ರ ದಾಟತೊಡಗಿದವು. ಅವನು ಬೆಳಗ್ಗೆ ತನ್ನ ಆಕ್ಸಿಜನ್ನಿನ ಅಂಕಿ ಕಳಿಸುತ್ತಿದ್ದ. ಇವರು ಸಂಜೆ ಹಾರಿದ ಎತ್ತರದ ವೀಡಿಯೋ ಕಳಿಸುತ್ತಿದ್ದರು. ಅವನದು ಎಂಬತ್ತೇಳು, ಮಗಳದು ಅರವತ್ತು. ಮಗಳು ಅರವತ್ತಕ್ಕೆ ನಿಂತುಬಿಟ್ಟಳು. ನಾಲ್ಕು ದಿನ ಠಣ್, ಠಣ್, ಠಣ್.

ಐದನೆಯ ದಿನ ಕುಣಿಕೆ ಅರವತ್ತೆರಡಕ್ಕೆ ಏರಿತ್ತು. ಇಪ್ಪತ್ತನೆಯದೋ ಇಪ್ಪತ್ತೈದನೆಯದೋ ಹಾರಿಕೆಯ ಹೊತ್ತಿಗೆ ವಿಶಾಲಾಕ್ಷಿಯ ತೋಳು ಸೋತು ಕೋಲು ಮೂರು ಬೆರಳಷ್ಟು ಬಾಗಿತು. ಠಣ್ ಎನ್ನಲಿಲ್ಲ. “ಯತ್ತಾ! ಗೆದ್ದೆ!” ಎಂದು ಕೂಗಿ ಹುಡುಗಿ ಸೈಕಲ್ ಬಿಟ್ಟು ಕುಣಿದಳು. ಅವಳ ನೋಟವೆಲ್ಲ ಇಳಿಯುವ ಜಾಗದ ಮೇಲಿತ್ತು, ಅಪ್ಪ ಹೇಳಿಕೊಟ್ಟಂತೆ. ಹೇಳಬೇಕು ಎಂದು ವಿಶಾಲಾಕ್ಷಿ ಬಾಯಿ ತೆರೆದಳು. ಆ ಮುಖ ನೋಡಿ ಮುಚ್ಚಿದಳು. ಮಾರನೆಯ ಬೆಳಗ್ಗೆ ಅವನ ಅಂಕಿ ತೊಂಬತ್ತು ಬಂತು. ಗುರುರಾಜ ಫೋನ್ ಮಾಡಿ, “ಅತ್ತಿಗೆ, ಅಣ್ಣ ಇವತ್ತು ಎರಡು ಇಡ್ಲಿ ತಿಂದ. ವೀಡಿಯೋನ ನರ್ಸುಗಳಿಗೆಲ್ಲಾ ತೋರಿಸ್ತಿದ್ದಾನೆ,” ಅಂದ.

ಅವತ್ತಿನಿಂದ ಕೈ ತಾನಾಗಿ ಬಾಗಲಿಲ್ಲ, ಅವಳೇ ಬಾಗಿಸಿದಳು. ಮಗಳು ನೆಲ ಬಿಟ್ಟ ಕ್ಷಣಕ್ಕೆ ಇಳಿಸುವುದು, ಅವಳು ತಿರುಗಿ ನೋಡುವುದರೊಳಗೆ ಏರಿಸುವುದು. ಸಾಲಿನಲ್ಲಿ ಒಬ್ಬರನ್ನು ದಾಟಿ ನಿಲ್ಲದವಳು, ಕೊಂಬಿನಿ ಅಂಗಡಿಯಲ್ಲಿ ಹೆಚ್ಚಿಗೆ ಬಂದ ಚಿಲ್ಲರೆಯನ್ನು ಮಳೆಯಲ್ಲಿ ನಡೆದುಹೋಗಿ ವಾಪಸು ಕೊಟ್ಟವಳು. ಅಂಥವಳು ವೀಡಿಯೋ ಹಿಡಿಯಲು ಬ್ಯಾಗಿಗೆ ಒರಗಿಸಿದ ಫೋನನ್ನು ಒಂಚೂರು ಆಚೆ ತಿರುಗಿಸಿಟ್ಟಳು, ತನ್ನ ಕೈ ಕಾಣದ ಹಾಗೆ. ಅರವತ್ತನಾಲ್ಕು. ಅರವತ್ತಾರು, ಅವನದು ತೊಂಬತ್ತೊಂದು. ಈಗ ಮಗಳ ಅಂಕಿ ನಿಂತರೆ ಅವನದೂ ನಿಲ್ಲುತ್ತದೆ ಎನ್ನುವ ಭಯ ಅವಳನ್ನು ಹಿಡಿದುಬಿಟ್ಟಿತು.

ಒಂದು ದಿನ ಅವನು ಬರೆದ: “ಕೋಲಿನ ಆ ಕಡೆ ತುದಿ ಕಾಣ್ತಿಲ್ಲವಲ್ಲ ಕಣೆ.”

“ಫೋನ್ ನಿಲ್ಲಿಸೋಕೆ ಸರಿಯಾದ ಜಾಗ ಇಲ್ಲ ರೀ,” ಎಂದು ಅವಳು ಬರೆದಳು.

ಅವನು ಮತ್ತೆ ಕೇಳಲಿಲ್ಲ.

ಎಪ್ಪತ್ತರ ವೀಡಿಯೋ ಹೋದ ಸಂಜೆ ಉತ್ತರ ಬಂತು. “ಪುಟ್ಟಿ ಗೆದ್ದಳು! ಸಾಕು ವಿಶಾಲೂ, ಇನ್ನು ಕೈ ನೋಯಿಸ್ಕೋಬೇಡ.” ಮಾರನೆಯ ಬೆಳಗ್ಗೆ ಅಂಕಿ ಬರಲಿಲ್ಲ. ಅವನನ್ನು ಐಸಿಯುಗೆ ಸಾಗಿಸಿದ್ದರು. ಐದನೆಯ ದಿನ, ಕುಕ್ಕರ್ ಕೂಗುತ್ತಿರುವಾಗ, ಗುರುರಾಜನ ಫೋನ್ ಬಂತು. “ಅತ್ತಿಗೆ, ಅಣ್ಣ ಹೋಗ್ಬಿಟ್ಟ,” ಅಂದ. ಸಂಸ್ಕಾರವನ್ನು ಅಮ್ಮ ಮಗಳು ಏಳು ನಿಮಿಷ ಫೋನಿನಲ್ಲಿ ನೋಡಿದರು. ಅದರಲ್ಲಿ ಎರಡು ನಿಮಿಷ ಚಿತ್ರ ನಿಂತುಹೋಗಿತ್ತು.

ಒಂದು ತಿಂಗಳು ಸೈಕಲ್ ಬಾಗಿಲ ಹಿಂದೆಯೇ ನಿಂತಿತ್ತು. ಮಳೆಗಾಲ ಶುರುವಾದ ಮೇಲೆ ಒಂದು ಭಾನುವಾರ ಶ್ರೀರಕ್ಷಾ ತಾನಾಗಿಯೇ ಹೆಲ್ಮೆಟ್ ಹಾಕಿಕೊಂಡಳು. “ಕೋಲು ಬೇಡ. ಡೈರೆಕ್ಟ್ ಕಟ್ಟೆ.”

ಸೇತುವೆಯ ಕೆಳಗೆ ನೆಲ ಒಣಗಿತ್ತು. ಅವಳು ಕಟ್ಟೆಯ ಪಕ್ಕದಲ್ಲಿ ಹಿಂದಿನ ಚಕ್ರದ ಮೇಲೆ ನಿಂತಳು, ಕುಗ್ಗಿದಳು, ಹಿಗ್ಗಿದಳು. ಚೈನಿನ ಕೆಳಗಿನ ತಗಡು ಅಂಚಿಗೆ ಬಡಿದು ಸೈಕಲ್ ಅವಳ ಮೇಲೆಯೇ ಬಿತ್ತು. “ದೈಜೋಬು, ದೈಜೋಬು,” ಎಂದು, ಏನೂ ಆಗಿಲ್ಲವೆನ್ನುವಂತೆ, ಎದ್ದಳು. ಮತ್ತೆ ಬಿದ್ದಳು. ಹನ್ನೊಂದನೆಯ ಸಲ ಮೊಣಕೈ ತರಚಿ ರಕ್ತ ಬಂತು. ಹೋಗೋಣ ಬಾ ಎಂದರೆ ಕೇಳಲಿಲ್ಲ. ಮುಂದಿನ ಭಾನುವಾರವೂ ಹಾಗೆಯೇ.

ಮೂರನೆಯ ಭಾನುವಾರ ಅವಳು ಬಿದ್ದಲ್ಲೇ ಕೂತಳು. ಮೇಲೆ ರೈಲೊಂದು ಹಾದುಹೋಯಿತು.

“ಅಮ್ಮಾ, ಇದನ್ನ ಮುರಾತಾ-ಸಾನ್‌ಗೆ ವಾಪಸ್ ಕೊಟ್ಬಿಡು.”

“ಯಾಕೆ ಪುಟ್ಟಿ? ಇವತ್ತಲ್ಲದಿದ್ರೆ…”

“ನೋ. ಐ ಹ್ಯಾಡ್ ಇಟ್. ಸೆವೆಂಟಿ ಹಾರ್ತಿದ್ದೆ. ನೀನೇ ನೋಡಿದ್ದೀಯ. ಈಗ ಬರಲ್ಲ.” ಅವಳು ಕೈಗವಸು ಕಿತ್ತು ತೊಡೆಯ ಮೇಲಿಟ್ಟುಕೊಂಡಳು. “ಅಪ್ಪ ಹೋದಾಗ ಅದೂ ಹೋಯ್ತು. ಇಟ್ ವಾಸ್ ಹಿಸ್. ನಂದಲ್ಲ.”

ಸುಮ್ಮನಿದ್ದರೆ ಎಪ್ಪತ್ತು ಎಪ್ಪತ್ತಾಗಿಯೇ ಉಳಿಯುತ್ತದೆ. ಅವನು ನೋಡಿ ಹೋದ ಕೊನೆಯ ಸಂತೋಷ ಸಂತೋಷವಾಗಿಯೇ ಉಳಿಯುತ್ತದೆ. ಆದರೆ ಮಗಳು ತನ್ನ ಕಾಲಿನ ಶಕ್ತಿಯನ್ನೇ ಅಪ್ಪನ ಚಿತೆಗೆ ಹಾಕಿ ಕೂತಿದ್ದಳು. ಹೇಳಿದರೂ ತಪ್ಪು, ಹೇಳದಿದ್ದರೂ ತಪ್ಪು.

“ಅದು ಎಪ್ಪತ್ತು ಆಗಿರ್ಲಿಲ್ಲ, ರಕ್ಷಾ.”

“ವಾಟ್?”

“ಕೋಲನ್ನ ನಾನು ಇಳಿಸ್ತಿದ್ದೆ. ನೀನು ಹಾರಿದಾಗ. ಮೊದಲ ಸಲ ಕೈ ಸೋತು. ಆಮೇಲೆ… ಬೇಕು ಅಂತಲೇ.”

ಹುಡುಗಿ ಅವಳ ಮುಖವನ್ನೇ ನೋಡಿದಳು. ಮಾಸ್ಕಿನ ಮೇಲೆ ಕಣ್ಣುಗಳಷ್ಟೇ ಕಾಣುತ್ತಿದ್ದವು.

“ಎಷ್ಟು?”

“ಎಂಟೋ ಒಂಬತ್ತೋ. ನೀನು ಯಾವತ್ತೂ ಅರವತ್ತೊಂದರ ಆಸುಪಾಸಲ್ಲೇ ಇದ್ದೆ. ಈಗಲೂ ಅಷ್ಟೇ ಹಾರ್ತಿದ್ದೀಯ. ನಿನ್ನದೇನೂ ಹೋಗಿಲ್ಲ ಕಂದಾ.”

ಶ್ರೀರಕ್ಷಾ ಫೋನು ತೆಗೆದು ಎಪ್ಪತ್ತರ ವೀಡಿಯೋ ಹಾಕಿದಳು. ಒಂದು ಸಲ, ಎರಡು ಸಲ. ಈ ಬಾರಿ ಅವಳು ತನ್ನ ಚಕ್ರ ನೋಡುತ್ತಿರಲಿಲ್ಲ. ಕೋಲು ಚೌಕಟ್ಟಿನಿಂದ ಆಚೆ ಹೋಗುವ ಜಾಗಕ್ಕೆ ಬೆರಳಿಟ್ಟು, “ನಿನ್ ಕೈ ಇಲ್ಲ,” ಅಂದಳು.

“ಇಲ್ಲ.”

“ಅಪ್ಪಂಗೆ ಗೊತ್ತಿತ್ತಾ?”

ಕೈ ನೋಯಿಸ್ಕೋಬೇಡ ಎಂಬ ಆ ಸಾಲನ್ನು ವಿಶಾಲಾಕ್ಷಿ ಎಷ್ಟು ಸಲ ಓದಿದ್ದಳೋ. ತಿಳಿದು ಬರೆದಿದ್ದನೋ, ಸುಮ್ಮನೆ ಬರೆದಿದ್ದನೋ. “ಗೊತ್ತಿಲ್ಲ,” ಅಂದಳು.

“ಹಾಗಾದ್ರೆ ಅಪ್ಪನ ನಂಬರ್? ನೈಂಟಿ, ನೈಂಟಿ ಒನ್? ಅದಾದ್ರೂ ನಿಜಾನಾ?”

ವಿಶಾಲಾಕ್ಷಿಗೆ ಆ ಯೋಚನೆ ಬಂದೇ ಇರಲಿಲ್ಲ. ಗುರುರಾಜನನ್ನು ಕೇಳಬಹುದು. ಕೇಳಲು ತನ್ನಿಂದ ಆಗುವುದಿಲ್ಲವೆಂದು ಆ ಗಳಿಗೆಯಲ್ಲೇ ಅವಳಿಗೆ ತಿಳಿಯಿತು. ಅಲ್ಲೇ ಕಾಂಕ್ರೀಟಿನ ಮೇಲೆ ಕುಸಿದು ಕೂತು, ಸೆರಗಿಲ್ಲದ ಬಟ್ಟೆಯಲ್ಲಿ ಮುಖ ಮುಚ್ಚಿಕೊಳ್ಳಲು ಏನೂ ಸಿಗದೆ, ಅಂಗೈಗಳಲ್ಲೇ ಮುಚ್ಚಿಕೊಂಡು ಅತ್ತಳು. ಅವನು ಹೋದಮೇಲೆ ಒಮ್ಮೆಯೂ ಮಗಳ ಮುಂದೆ ಅತ್ತಿರಲಿಲ್ಲ. ಮಗಳು ಹತ್ತಿರ ಬರಲಿಲ್ಲ. ಸೈಕಲ್ ಎತ್ತಿಕೊಂಡು ಒಬ್ಬಳೇ ಮನೆಗೆ ಹೋದಳು.

ಆರು ದಿನ ಹುಡುಗಿ ‘ಹೂಂ’, ‘ಊಹೂಂ’ ಬಿಟ್ಟು ಬೇರೆ ಮಾತಾಡಲಿಲ್ಲ. ಏಳನೆಯ ದಿನ ವಿಶಾಲಾಕ್ಷಿ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಬಾಲ್ಕನಿಗೆ ಬಂದರೆ ಕೋಲು ಇರಲಿಲ್ಲ.

ಸೇತುವೆಯ ಕೆಳಗೆ ಶ್ರೀರಕ್ಷಾ ಹೆಂಡದಂಗಡಿಯಿಂದ ಬೇಡಿ ತಂದ ಪ್ಲಾಸ್ಟಿಕ್ ಕ್ರೇಟುಗಳನ್ನು ಎರಡು ಕಡೆ ಪೇರಿಸಿದ್ದಳು. ಕೋಲಿನ ಎರಡು ತುದಿಗಳೂ ಕ್ರೇಟಿನ ಮೇಲೆ. ತುದಿಗಳ ಕೆಳಗೆ ಪುಸ್ತಕಗಳನ್ನಿಟ್ಟು, ಅಳತೆಯ ಟೇಪು ಹಿಡಿದು, ಎರಡು ಕಡೆಯೂ ಅಳೆಯುತ್ತಿದ್ದಳು. ಅಮ್ಮ ಬಂದದ್ದನ್ನು ನೋಡಿಯೂ ನೋಡದವಳಂತಿದ್ದಳು. ವಿಶಾಲಾಕ್ಷಿ ದೂರದಲ್ಲೇ ನಿಂತಳು. ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಅರವತ್ತೊಂದು. ಕೋಲು ಅಲ್ಲಾಡಲಿಲ್ಲ. ಹುಡುಗಿ ಕುಣಿಯಲಿಲ್ಲ, ಕೂಗಲೂ ಇಲ್ಲ. ಎರಡು ಕಡೆಗೂ ಒಂದೊಂದು ತೆಳು ಪುಸ್ತಕ ಸೇರಿಸಿ ಮತ್ತೆ ಅಳೆದಳು.

ಅರವತ್ತೆರಡು. ಠಣ್. ಕೋಲು ಉರುಳಿ ಕಾಂಕ್ರೀಟಿನ ಮೇಲೆ ಬಹಳ ಹೊತ್ತು ಸದ್ದು ಮಾಡಿ ವಿಶಾಲಾಕ್ಷಿಯ ಕಾಲ ಬಳಿ ಬಂದು ನಿಂತಿತು. ಅವಳು ಬಗ್ಗಲಿಲ್ಲ. ತಾನದನ್ನು ಎತ್ತಬಹುದೋ ಇಲ್ಲವೋ.

ಶ್ರೀರಕ್ಷಾ ಬೆನ್ನು ತಿರುಗಿಸಿಕೊಂಡೇ ಸೈಕಲ್ಲನ್ನು ಮೊದಲಿನ ಜಾಗಕ್ಕೆ ತಳ್ಳಿಕೊಂಡು ಹೋದಳು. ಅಲ್ಲಿಂದ ಹೇಳಿದಳು: “ಇಡು.”

ವಿಶಾಲಾಕ್ಷಿ ಕೋಲನ್ನು ಎತ್ತಿ ಕ್ರೇಟುಗಳ ಮೇಲಿಟ್ಟಳು.

“ಟೇಪ್.”

ಅವಳು ಟೇಪು ಹಿಡಿದು ಈ ತುದಿ ಅಳೆದಳು, ಆ ತುದಿ ಅಳೆದಳು. ಕಣ್ಣು ಮಂಜಾಗಿ ಗೆರೆ ಕಾಣದೆ ಇನ್ನೊಮ್ಮೆ ಅಳೆದಳು. “ಅರವತ್ತೆರಡು,” ಅಂದಳು. “ಎರಡು ಕಡೆಯೂ.”

“ಈಗ ದೂರ ಹೋಗು.”

ಅವಳು ಹತ್ತು ಹೆಜ್ಜೆ ದೂರ ಹೋಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಮಗಳು ಕುಗ್ಗಿದಳು.